ಹೆಚ್ಚಾಗಿ ಬಂದ ಅಕ್ಕಿ

ಕೆಲಸ ತಪ್ಪಿಸಿಕೊಳ್ಳುವವನನ್ನು ಕನ್ನಡದಲ್ಲಿ ಮೈಗಳ್ಳ ಎನ್ನುತ್ತೇವೆ. ಸೋಮಾರಿ ಎಂಬ ಮಾತೂ ಇದೆ, ಆದರೆ ಎರಡೂ ಒಂದೇ ಅಲ್ಲ. ಮನೆಯಲ್ಲಿ ಒಬ್ಬನೇ ಬಿದ್ದುಕೊಂಡಿದ್ದರೂ ಸೋಮಾರಿ ಸೋಮಾರಿಯೇ. ಮೈಗಳ್ಳನಾಗಬೇಕಾದರೆ ಸುತ್ತ ನಾಲ್ಕು ಜನ ಇರಬೇಕು. ಕಳ್ಳತನ ಅಂದಮೇಲೆ ಕಳೆದುಕೊಂಡವನೂ ಒಬ್ಬ ಬೇಕಲ್ಲ. ಮೈಗಳ್ಳ ಕದಿಯುವುದು ತನ್ನ ಮೈಯನ್ನೇ. ಹೊರೆ ಬೀಳುವುದು ಮಾತ್ರ ಪಕ್ಕದವನ ಮೈಮೇಲೆ.

ನಾನು ಹಾಗೆ ಕಳೆದುಕೊಂಡವನು. ಸರ್ಕಾರಿ ಕಚೇರಿಯೊಂದರ ಆವಕ-ಜಾವಕ ವಿಭಾಗದಲ್ಲಿ ಮೂರು ವರ್ಷ ಕೂತಿದ್ದೆ. ಎದುರು ಮೇಜಿನವನು ನನಗಿಂತ ಕಿರಿಯ. ಹನ್ನೊಂದಕ್ಕೆ ಬಂದು, ಕುರ್ಚಿಯ ಬೆನ್ನಿಗೆ ಟವೆಲ್ ಹಾಕಿ, ಟೀ ಕುಡಿಯಲು ಹೋಗುತ್ತಿದ್ದ. ಮರಳಿ ಬಂದಮೇಲೆ ಶುರು: ಈ ನೌಕರಿಯಲ್ಲಿ ಏನಿದೆ, ಬಡ್ತಿ ಇಲ್ಲ, ಡಿಎ ಬಾಕಿ ಬಂದಿಲ್ಲ, ಸಾಹೇಬರಿಗೆ ಕಣ್ಣಿಲ್ಲ, ತಾನು ಬಿಎಡ್ ಮಾಡಿದವನು, ಮೇಷ್ಟ್ರಾಗಿದ್ದರೆ ಬೇಸಿಗೆ ರಜೆಯಾದರೂ ಸಿಗುತ್ತಿತ್ತು. ಅವನು ಕೆಲಸ ಮಾಡದಿದ್ದುದಕ್ಕಿಂತ ಈ ಗೊಣಗಾಟವೇ ನನ್ನನ್ನು ಹೆಚ್ಚು ಉರಿಸುತ್ತಿತ್ತು. ಅವನ ಪಾಲಿನ ತಪಾಲನ್ನೂ ಇನ್‌ವರ್ಡ್ ಹಾಕುತ್ತಿದ್ದವನು ನಾನು. ಗೊಣಗುವ ಹಕ್ಕಾದರೂ ನನ್ನದಾಗಬೇಕಿತ್ತು.

ಗೋಡೆಯ ಮೇಲೆ ಬಸವಣ್ಣನವರ ಪಟ, ಅದರ ಕೆಳಗೆ ಕಾಯಕಕ್ಕೂ ಕೈಲಾಸಕ್ಕೂ ಗಂಟು ಹಾಕಿದ ಆ ಎರಡು ಪದಗಳ ಮಾತು. ಅದನ್ನೇ ತೋರಿಸಿ ಅವನಿಗೆ ಬುದ್ಧಿ ಹೇಳಬೇಕೆಂದು ಎಷ್ಟೋ ಸಲ ಅನ್ನಿಸಿತ್ತು. ಹೇಳುವ ಮೊದಲು ಆ ಮಾತಿನ ಅರ್ಥವೇನೆಂದು ನೋಡೋಣ ಎಂದು ಹೊರಟವನಿಗೆ ಮೊದಲು ಸಿಕ್ಕಿದ ಸುದ್ದಿ, ಅದು ಬಸವಣ್ಣನವರ ವಚನದ್ದಲ್ಲ, ಆಯ್ದಕ್ಕಿ ಮಾರಯ್ಯನ ವಚನದ್ದು ಎಂಬುದು. ಮಾರಯ್ಯ ಈಗಿನ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದವನು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಕಾಳು ಆಯುವುದು ಅವನ ಕಸುಬು. ಬಸವಣ್ಣ ಬಿಜ್ಜಳನ ಭಂಡಾರಿ, ಅಂದರೆ ನಮ್ಮ ಹಾಗೆ ಸರ್ಕಾರಿ ನೌಕರ. ಆ ಮಾತು ಬಂದದ್ದು ಖಜಾನೆಯ ಕುರ್ಚಿಯಿಂದಲ್ಲ, ನೆಲದಿಂದ.

ಕಾಯ ಎಂದರೆ ಮೈ. ಮೈಯಿಂದ ಆಗುವುದು ಕಾಯಕ. ಮೈಗಳ್ಳನೂ ಕಾಯಕಜೀವಿಯೂ ಒಂದೇ ಪದದ ಎರಡು ತುದಿಯಲ್ಲಿ ನಿಂತಿದ್ದಾರೆ, ಒಬ್ಬ ಮೈಯನ್ನು ಬಚ್ಚಿಡುತ್ತಾನೆ, ಇನ್ನೊಬ್ಬ ತೊಡಗಿಸುತ್ತಾನೆ. ಹನ್ನೆರಡನೇ ಶತಮಾನದ ಶರಣರ ಹೆಸರುಗಳ ಹಿಂದೆಯೇ ಅವರ ಕಸುಬು ಇದೆ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಕೊಟ್ಟಣದ ಸೋಮವ್ವೆ. ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಭತ್ತ ಕುಟ್ಟುವುದು ಹೊಟ್ಟೆಪಾಡು ಮಾತ್ರವಲ್ಲ, ಪೂಜೆಯ ಜಾಗದಲ್ಲಿ ನಿಲ್ಲಬಲ್ಲ ಕೆಲಸ ಎಂದದ್ದೇ ಆ ಕಾಲಕ್ಕೆ ದೊಡ್ಡ ಧೈರ್ಯ. ನುಲಿಯ ಚಂದಯ್ಯನ ಕಥೆ ಇನ್ನೂ ಮುಂದೆ ಹೋಗುತ್ತದೆ. ಹಗ್ಗ ಹೊಸೆಯಲು ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಕೊರಳ ಲಿಂಗ ಜಾರಿ ನೀರಿಗೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ, ಹುಲ್ಲು ಕೊಯ್ಯುವುದನ್ನೂ ನಿಲ್ಲಿಸಲಿಲ್ಲ. ಲಿಂಗವೇ ಬೆನ್ನು ಹತ್ತಿ ಬಂತು, ಕೊನೆಗೆ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಬೇಕಾಯಿತು ಎನ್ನುತ್ತದೆ ಕಥೆ.

ಕಾಯಕವನ್ನು ಗೀತೆಯ ಕರ್ಮಯೋಗದ ಜೊತೆ ಬೆರೆಸುವುದು ವಾಡಿಕೆ. ಹತ್ತಿರದ ಸಂಬಂಧವೇನೋ ಇದೆ, ಆದರೆ ಒಂದು ಕಡೆ ದಾರಿ ಕವಲೊಡೆಯುತ್ತದೆ. ಗೀತೆ ಫಲದ ಆಸೆ ಬಿಡು ಎನ್ನುತ್ತದೆ. ಕಾಯಕ ಫಲವನ್ನು ಬಿಡಿಸುವುದಿಲ್ಲ. ಬಂದ ಫಲ ಎಷ್ಟು, ಎಲ್ಲಿಗೆ ಹೋಯಿತು ಎಂದು ಲೆಕ್ಕ ಕೇಳುತ್ತದೆ. ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ದಾಸೋಹಕ್ಕೆ. ಜರ್ಮನಿಯ ಮ್ಯಾಕ್ಸ್ ವೇಬರ್ 1904-05ರಲ್ಲಿ ಪ್ರಕಟಿಸಿದ ಪ್ರಸಿದ್ಧ ಬರಹದಲ್ಲಿ, ದುಡಿಮೆಯನ್ನು ದೇವರ ಕರೆ ಎಂದು ನಂಬಿದ ಪ್ರಾಟೆಸ್ಟಂಟರ ಉಳಿತಾಯ ಬಂಡವಾಳವಾಗಿ ಬೆಳೆದ ಬಗೆಯನ್ನು ವಿವರಿಸಿದ. ಶರಣರ ಅಂಗಳದಲ್ಲಿ ಆ ಉಳಿತಾಯಕ್ಕೇ ಜಾಗವಿಲ್ಲ. ದಾಸೋಹವನ್ನು ಕಳಚಿ ಕಾಯಕವನ್ನಷ್ಟೇ ಗೋಡೆಗೆ ಬರೆದರೆ ಅದು ಮೇಲಿನವರು ಕೆಳಗಿನವರಿಗೆ ಮಾಡುವ ಉಪದೇಶವಾಗುತ್ತದೆ. ನಾನು ಅವನಿಗೆ ಮಾಡಬೇಕೆಂದಿದ್ದದ್ದೂ ಅದನ್ನೇ.

ಇನ್ನು ಮಾರಯ್ಯನ ಹೆಂಡತಿ ಲಕ್ಕಮ್ಮನ ವಿಷಯ. ನನ್ನ ಲೆಕ್ಕದಲ್ಲಿ ಕಾಯಕವನ್ನು ಅವಳಷ್ಟು ಸ್ಪಷ್ಟವಾಗಿ ತಿಳಿದವರು ಕಲ್ಯಾಣದಲ್ಲಿ ಇನ್ನೊಬ್ಬರಿರಲಿಲ್ಲ. ಒಂದು ದಿನ ಮಾರಯ್ಯ ಶರಣರ ಗೋಷ್ಠಿಯಲ್ಲಿ ಕೂತು ಮಾತಿನಲ್ಲಿ ಮುಳುಗಿಬಿಟ್ಟ. ಹೊತ್ತು ಏರಿತು, ಅಕ್ಕಿ ಆಯಲು ಹೋಗಿಲ್ಲ. (ಕೈಲಾಸದ ಮಾತು ಹೇಳಿದವನೇ ಹರಟೆಯಲ್ಲಿ ಕೆಲಸ ಮರೆತ ಎಂಬುದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ.) ಲಕ್ಕಮ್ಮ ನೇರವಾಗಿ ನೆನಪಿಸಿದಳು. ಅವನು ಎದ್ದು ಓಡಿದ. ತಡವಾದದ್ದಕ್ಕೋ ಏನೋ, ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಕಾಯಕ ಎಂದರೆ ಬರೀ ದುಡಿಮೆ ಎಂದು ತಿಳಿದವರಿಗೆ ಕಥೆ ಇಲ್ಲಿಗೆ ಮುಗಿಯಬೇಕು. ತಪ್ಪಿದ ಕೆಲಸವನ್ನು ಬಡ್ಡಿ ಸಮೇತ ತೀರಿಸಿದ್ದಾನೆ. ಆದರೆ ಲಕ್ಕಮ್ಮ ಆ ಅಕ್ಕಿಯನ್ನು ಒಳಗೆ ಸೇರಿಸಲಿಲ್ಲ. ಇಷ್ಟೇಕೆ ತಂದೆ, ಈ ಆಸೆ ನಮಗೆ ಎಲ್ಲಿಂದ ಬಂತು, ತಂದಲ್ಲೇ ಸುರಿದು ಬಾ ಎಂದಳು.

ಎರಡು ಸಲ ತಿದ್ದಿದಳು. ಕಡಿಮೆ ಮಾಡಿದಾಗ ಒಮ್ಮೆ, ಹೆಚ್ಚು ಮಾಡಿದಾಗ ಇನ್ನೊಮ್ಮೆ. ನಾವೆಲ್ಲ ಮೊದಲನೆಯದನ್ನು ಚೆನ್ನಾಗಿ ಬಲ್ಲೆವು, ಕಚೇರಿಯಲ್ಲಿ ಅದಕ್ಕೆ ಮೆಮೊ, ನೋಟಿಸು, ಬಯೋಮೆಟ್ರಿಕ್ ಎಲ್ಲ ಇವೆ. ಎರಡನೆಯದಕ್ಕೆ ಏನೂ ಇಲ್ಲ. ಎರಡು ಮೇಜಿನ ತಪಾಲನ್ನು ಒಬ್ಬನೇ ಮುಗಿಸಿ ಸಂಜೆ ಆರೂವರೆಗೆ ಎದ್ದುಹೋಗುತ್ತಿದ್ದ ನನ್ನ ಚೀಲದಲ್ಲಿ ದಿನವೂ ಒಂದಿಷ್ಟು ಹೆಚ್ಚಿನ ಅಕ್ಕಿ ಇರುತ್ತಿತ್ತು. ನಾನಿಲ್ಲದಿದ್ದರೆ ಈ ವಿಭಾಗ ನಿಲ್ಲುತ್ತದೆ ಎಂಬ ಗತ್ತು, ಅವನಂಥವನು ನಾನಲ್ಲ ಎಂಬ ಸುಖ. ಮನೆಯಲ್ಲಿ ಊಟದ ಹೊತ್ತಿಗೆ ಅದನ್ನು ಬಿಚ್ಚಿ ಹರಡುತ್ತಿದ್ದೆ. ಹೆಂಡತಿ ಲಕ್ಕಮ್ಮನಲ್ಲ, ಪಾಪ, ಕೇಳಿಸಿಕೊಳ್ಳುತ್ತಿದ್ದಳು. ಅವನ ಗೊಣಗಾಟ ಕಚೇರಿಯಲ್ಲಿ, ನನ್ನದು ಮನೆಯಲ್ಲಿ. ವ್ಯತ್ಯಾಸ ಅಷ್ಟೇ ಇತ್ತು.

ಹಾಗೆಂದು ಅವನದು ಸರಿ ಎಂದಲ್ಲ. ಆದರೆ ಅವನ ಮಾತಿನಲ್ಲಿ ಹುರುಳೇ ಇರಲಿಲ್ಲ ಎನ್ನುವುದೂ ಅನ್ಯಾಯ. ಚಂದಯ್ಯನಿಗೆ ಹುಲ್ಲು ಕೊಯ್ದದ್ದೂ ಗೊತ್ತು, ಹಗ್ಗವಾದದ್ದೂ ಗೊತ್ತು, ಅದು ಯಾರ ಕೈ ಸೇರಿತು ಎಂಬುದೂ ಗೊತ್ತು. ತಪಾಲಿಗೆ ನಂಬರು ಹಾಕಿ ಮುಂದಿನ ಮೇಜಿಗೆ ತಳ್ಳುವವನಿಗೆ ಆ ಅರ್ಜಿಯ ಹಿಂದಿನ ಮನುಷ್ಯನೂ ಕಾಣುವುದಿಲ್ಲ, ಮುಂದಿನ ಗತಿಯೂ ಕಾಣುವುದಿಲ್ಲ. ಇಂಥ ದುಡಿಮೆಯಲ್ಲಿ ಮನುಷ್ಯ ತನ್ನ ಕೆಲಸಕ್ಕೇ ಪರಕೀಯನಾಗುತ್ತಾನೆ ಎಂದು ಕಾರ್ಲ್ ಮಾರ್ಕ್ಸ್ 1844ರ ಹಸ್ತಪ್ರತಿಗಳಲ್ಲಿ ಬರೆದ. ಕಾರ್ಖಾನೆಯ ಕೂಲಿಯವನನ್ನು ಕಂಡು ಬರೆದದ್ದು ಗುಮಾಸ್ತನಿಗೂ ಸಲ್ಲುತ್ತದೆ. ಕಾಯಕದ ವಿಚಾರ ಹುಟ್ಟಿದ್ದು ತಮ್ಮ ಉಳಿ, ತಮ್ಮ ಹುಟ್ಟು, ತಮ್ಮ ಒನಕೆ ಹಿಡಿದವರ ನಡುವೆ. ಅದನ್ನು ಹಾಗೆಯೇ ಎತ್ತಿ ಇನ್‌ವರ್ಡ್ ರಿಜಿಸ್ಟರಿನ ಮೇಲಿಟ್ಟರೆ ಕೂರುವುದಿಲ್ಲ, ಸ್ವಲ್ಪ ಅಲುಗಾಡುತ್ತದೆ.

ಹಗ್ಗದ ಮಾತು ಬಂತು ಎಂದು ಇನ್ನೊಂದು ಹಗ್ಗ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದು ನೋಡಿದ. ಫಲಿತಾಂಶ ಪ್ರಕಟವಾದದ್ದು 1913ರಲ್ಲಿ. ಜನ ಹೆಚ್ಚಿದಂತೆ ಒಬ್ಬೊಬ್ಬರು ಹಾಕುವ ಬಲ ಇಳಿಯುತ್ತಾ ಹೋಯಿತು. ಎಂಟು ಜನ ಸೇರಿದಾಗ ತಲಾ ಬಲ ಒಂಟಿಯಾಗಿ ಎಳೆದಾಗಿನ ಅರ್ಧಕ್ಕೂ ಕಡಿಮೆ. ತಾಳ ತಪ್ಪುವುದು ಒಂದು ಕಾರಣ. ತನ್ನ ಪಾಲು ಬೇರೆಯಾಗಿ ಯಾರಿಗೂ ಕಾಣುವುದಿಲ್ಲ ಎಂಬುದು ಇನ್ನೊಂದು ಎಂದು ಆಮೇಲೆ ಬಂದ ಮನಶ್ಶಾಸ್ತ್ರಜ್ಞರು ತೋರಿಸಿದರು. ಅಂದರೆ ಮೈಗಳ್ಳತನ ಪೂರ್ತಿ ಹುಟ್ಟುಗುಣವಲ್ಲ, ಪಾಲು ಮಸುಕಾದ ಕಡೆ ಅದು ತಾನೇ ತಲೆಯೆತ್ತುತ್ತದೆ. ಅವನ ಪಾಲಿನ ತಪಾಲನ್ನು ದಿನವೂ ನನ್ನದರೊಳಗೆ ಬೆರೆಸಿ ಮುಗಿಸುತ್ತಿದ್ದವನು ಯಾರು?

ಇಷ್ಟೆಲ್ಲ ಓದಿದ ಮೇಲೆ ನಾನು ಗೋಡೆಯ ಪಟ ತೋರಿಸಲಿಲ್ಲ. ಲಕ್ಕಮ್ಮ ಮಾಡಿದ್ದನ್ನೇ ಮಾಡಿದೆ, ಎದುರಿಗೆ ಹೇಳಿದೆ. ಊಟದ ಬಿಡುವಿನಲ್ಲಿ, ಯಾರೂ ಇಲ್ಲದಾಗ: "ಮೂರು ವರ್ಷದಿಂದ ನಿಮ್ಮ ತಪಾಲೂ ನಾನೇ ಮಾಡ್ತಾ ಇದೀನಿ. ಇನ್ನು ನನ್ನ ಕೈಲಾಗಲ್ಲ."

ಜಗಳಕ್ಕೆ ನಿಲ್ಲುತ್ತಾನೆ ಎಂದುಕೊಂಡಿದ್ದೆ. ಅವನು ಡಬ್ಬಿಯ ಮುಚ್ಚಳ ಹಾಕುತ್ತಾ ಕಣ್ಣರಳಿಸಿ ನೋಡಿದ. "ಬಂದ ಹೊಸದರಲ್ಲಿ ನಾನು ಹಾಕಿದ ನಂಬರ್ ಎಲ್ಲ ಹೊಡೆದುಹಾಕಿ ನೀವೇ ಮತ್ತೆ ಬರೆದ್ರಲ್ಲ ಸಾರ್. ನಾನು ಮುಟ್ಟಿದ್ರೆ ನಿಮಗೆ ಆಗಲ್ಲ ಅಂತ ಅಂದ್ಕೊಂಡೆ."

ಹೊಡೆದುಹಾಕಿದ್ದು ನಿಜ. ಅವನ ಅಕ್ಷರ ನನಗೆ ಹಿಡಿಸಿರಲಿಲ್ಲ. ನೆಪವನ್ನು ಅವನು ಚೆನ್ನಾಗಿಯೇ ಜೋಪಾನ ಮಾಡಿಕೊಂಡಿದ್ದ ಎಂಬುದೂ ನಿಜ.

ಮಾರನೆಯ ಬೆಳಿಗ್ಗೆ ತಪಾಲಿನ ಕಟ್ಟನ್ನು ಎರಡು ಮಾಡಿ ಒಂದನ್ನು ಎದುರು ಮೇಜಿನ ಮೇಲಿಟ್ಟೆ. ಹನ್ನೊಂದು ಗಂಟೆಯವರೆಗೂ ಅದು ಅಲ್ಲೇ ಇತ್ತು. ಅಷ್ಟರಲ್ಲಿ ನನ್ನ ಕೈ ನಾಲ್ಕು ಸಲ ಆ ಕಡೆ ಹೋಗಿ ಬಂತು.