ಕರೆಂಟು ಹೋದರೆ ಜನವರಿ ಒಂದು

ದೀಪಾವಳಿಗೆಂದು ಶಿರಸಿ ಹತ್ತಿರದ ಅಕ್ಕನ ಮನೆಗೆ ಹೋಗಿದ್ದೆ. ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಭಾವ ಲ್ಯಾಪ್‌ಟಾಪನ್ನು ಜಗಲಿಗೆ ತಂದಿಟ್ಟಿದ್ದರು. 2012ರಲ್ಲಿ ಕೊಂಡದ್ದು. ಅಡಿಕೆ ತೋಟದ ಜಮಾಖರ್ಚು, ಕೊನೆ ಕೊಯ್ಯುವ ಕೊನೆಗೌಡನ ಕೂಲಿ, ಸೊಸೈಟಿಗೆ ಬರೆದ ಪತ್ರಗಳು ಎಲ್ಲ ಅದರಲ್ಲೇ. ಈಗ ಹಾಕಿದರೆ ತೆರೆದುಕೊಳ್ಳಲು ಹತ್ತು ನಿಮಿಷ, ತೆರೆದ ಮೇಲೂ ಯಾವಾಗ ನೀಲಿ ಪರದೆ ಬೀಳುತ್ತದೋ ಹೇಳಲಾಗದು. "ಹೊಸಾದೆಲ್ಲ ಬ್ಯಾಡ. ಇದ್ನೇ ಒಂಚೂರು ಸರಿ ಮಾಡಿಕೊಡು" ಎಂದರು.

ಪೇಟೆಯಿಂದ ಬಂದ ಭಾವಮೈದುನನಿಗೆ ಕಂಪ್ಯೂಟರ್ ಗೊತ್ತು ಎಂಬ ಹೆಸರು ಒಮ್ಮೆ ಬಂದರೆ ಮುಗಿಯಿತು, ಹಬ್ಬದ ಮೂರು ದಿನ ಅದಕ್ಕೇ. ನನಗೂ ಆ ಹೆಸರು ಇಷ್ಟವೇ, ಸುಳ್ಳು ಯಾಕೆ ಹೇಳಲಿ. ನೋಡಿದೆ, ಎಲ್ಲ ಅಳಿಸಿ ವಿಂಡೋಸ್ ಮತ್ತೆ ಹಾಕುವುದೇ ದಾರಿ ಎಂದು ತೀರ್ಪು ಕೊಟ್ಟೆ. ವಿಂಡೋಸ್ 11 ಈ ಯಂತ್ರಕ್ಕೆ ಆಗದು. ಅದು ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್, ಇದು ಮೂರನೆಯದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ಮುಗಿದಿತ್ತು, ಹೆಸರು ನೋಂದಾಯಿಸಿದವರಿಗೆ ಮಾತ್ರ ಇನ್ನೊಂದು ವರ್ಷ ಸುರಕ್ಷತೆಯ ಅಪ್‌ಡೇಟ್. ಲಿನಕ್ಸ್ ಹಾಕೋಣವೇ ಎಂದು ಕೇಳಿದೆ. ಭಾವ ಕವಳ ಹಾಕಿಕೊಂಡಿದ್ದರು, ಮಾತಾಡದೆ ಕೈ ಅಲ್ಲಾಡಿಸಿದರು. ಸರಿ, 10ನ್ನೇ ಹಾಕುವುದೆಂದಾಯಿತು.

ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡೆ. ಅಕ್ಕನ ಮಗಳ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಹಾಕುವ ಪೆನ್‌ಡ್ರೈವ್ ತಯಾರಿಸಿದೆ. ಆಮೇಲೆ ಭಾವನ ಯಂತ್ರದ ಬಯೋಸ್, ಎಂದರೆ ವಿಂಡೋಸಿಗೂ ಮೊದಲೇ ಬರುವ ಹೊಂದಾಣಿಕೆಗಳ ಪರದೆ, ತೆರೆದೆ. ಅಲ್ಲಿ 'ಲೆಗಸಿ' ಎಂದಿತ್ತು. ಲೆಗಸಿ ಎಂದರೆ ಹಳೇ ಪದ್ಧತಿ, 'ಯುಇಎಫ್ಐ' ಎಂದರೆ ಹೊಸದು. ಯಂತ್ರ ಎದ್ದಾಗ ಡಿಸ್ಕಿನಲ್ಲಿ ವಿಂಡೋಸನ್ನು ಎಲ್ಲಿ, ಹೇಗೆ ಹುಡುಕಬೇಕು ಎಂಬುದರ ಎರಡು ರೀತಿ. ಹೇಗೂ ಹೊಸದಾಗಿ ಹಾಕುವುದೇ, ಹಳೇ ಪದ್ಧತಿ ಯಾಕೆ ಎಂದು ಯುಇಎಫ್ಐಗೆ ತಿರುಗಿಸಿದೆ. ಯಾರೂ ಕೇಳಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಪರದೆಯ ಮೂಲೆಯಲ್ಲಿ ತಾರೀಖು 2011ರ ಜನವರಿ 1 ಎಂದಿದ್ದದ್ದು ಕಣ್ಣಿಗೆ ಬಿದ್ದಿತ್ತು. ತಿದ್ದಿ ಮುಂದೆ ಹೋದೆ.

ಪೆನ್‌ಡ್ರೈವಿನಿಂದ ಯಂತ್ರ ಎದ್ದಿತು. ಎಲ್ಲಿ ಹಾಕಬೇಕು ಎಂಬಲ್ಲಿಗೆ ಬಂದಾಗ ತಕರಾರು ತೆಗೆಯಿತು: ಈ ಡಿಸ್ಕಿನ ವಿಭಾಗಪಟ್ಟಿ ಎಂಬಿಆರ್ ಮಾದರಿಯದು, ನನಗೆ ಜಿಪಿಟಿ ಮಾದರಿಯದೇ ಬೇಕು. ಡಿಸ್ಕಿನಲ್ಲಿ ಯಾವ ಭಾಗ ಎಲ್ಲಿಂದ ಎಲ್ಲಿಗೆ ಎಂದು ಬರೆದಿಡುವ ಪಹಣಿಯಂಥದ್ದು ಈ ಪಟ್ಟಿ. ಎಂಬಿಆರ್ ಹಳೆಯದು, 2 ಟೆರಾಬೈಟ್ ಆಚೆಯದು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಜಿಪಿಟಿಗೆ ಆ ಕಟ್ಟಿಲ್ಲ, ಪಟ್ಟಿಯ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲೂ ಇಟ್ಟುಕೊಂಡಿರುತ್ತದೆ. ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಒಂದು ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ಡಿಸ್ಕ್‌ಪಾರ್ಟ್ ಎಂಬ ಉಪಕರಣ, ಅದರೊಳಗೆ 'ಕ್ಲೀನ್' ಎಂಬ ಒಂದು ಪದದ ಆಜ್ಞೆ.

ಆ ಪದದ ಬಗ್ಗೆ ನನಗೆ ಭಯವಿದೆ. ಒಂದು ಚಿತ್ರವನ್ನು ಶಾಶ್ವತವಾಗಿ ಅಳಿಸಲು ಹೋದರೆ ನಿಜವಾಗಿಯೂ ಅಳಿಸಲೇ ಎಂದು ಕೇಳುವ ಇದೇ ವಿಂಡೋಸ್ ಇಲ್ಲಿ ಏನೂ ಕೇಳುವುದಿಲ್ಲ. ಎಂಟರ್ ಒತ್ತಿ ಉಸಿರು ಬಿಡುವುದರೊಳಗೆ ಪಟ್ಟಿ ಹೋಗಿರುತ್ತದೆ. ಡಿಸ್ಕಿನ ಸಂಖ್ಯೆ ಸೊನ್ನೆಯ ಬದಲು ಒಂದು ಎಂದು ಬೆರಳು ತಪ್ಪಿದರೆ ಅಳಿಯುವುದು ಪಕ್ಕದಲ್ಲೇ ಸಿಕ್ಕಿಸಿಟ್ಟ ನಕಲು. ಅದಕ್ಕೇ ನಕಲಿನ ಡಿಸ್ಕನ್ನು ಎಳೆದು ಅಕ್ಕನ ಕೈಗೆ ಕೊಟ್ಟೆ. ಅವಳು ಅದನ್ನು ಒಯ್ದು ದೇವರ ಕೋಣೆಯಲ್ಲಿಟ್ಟಳು.

ಆಮೇಲೆ ಆಜ್ಞೆ ಕೊಟ್ಟು ಡಿಸ್ಕನ್ನು ಜಿಪಿಟಿ ಮಾಡಿದೆ. ಸಂಜೆಯೊಳಗೆ ವಿಂಡೋಸ್ ಕೂತಿತು. ಭಾವ ಹಳೇ ಲೆಕ್ಕ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿತ್ರವಿಚಿತ್ರ ಚಿಹ್ನೆಗಳ ಗೊಜ್ಜು. ಅವರ ಮುಖ ಇಳಿಯಿತು. ಹೆದರಬೇಡಿ ಎಂದೆ. ನುಡಿ ತಂತ್ರಾಂಶದ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಕೂರಿಸಿಕೊಂಡಂಥವು, ಫಾಂಟ್ ಇಲ್ಲದಿದ್ದರೆ ಜಾಗದ ಮಾಲೀಕರು ಹೊರಬಂದು ನಿಲ್ಲುತ್ತಾರೆ. ನುಡಿ ಹಾಕಿದ ಕೂಡಲೇ ಅಡಿಕೆ ಲೆಕ್ಕದ 'ಚಾಲಿ' 'ರಾಶಿ' ಎಲ್ಲ ಸ್ವಸ್ಥಾನಕ್ಕೆ ಬಂದವು. ರಾತ್ರಿ ಹಿಂಗಾರಿನ ಗುಡುಗು ಶುರುವಾಯಿತು. ಮಲೆನಾಡಿನಲ್ಲಿ ಗುಡುಗಿದರೆ ಮೊದಲು ಮಾಡುವ ಕೆಲಸ ಪ್ಲಗ್ ಕೀಳುವುದು. ಭಾವ ಎದ್ದು ಒಂದೊಂದಾಗಿ ಎಲ್ಲ ಕಿತ್ತರು.

ಬೆಳಗ್ಗೆ ಕಪ್ಪು ಪರದೆ, ಆಪರೇಟಿಂಗ್ ಸಿಸ್ಟಂ ಸಿಗಲಿಲ್ಲ ಎಂಬ ಒಂದು ಸಾಲು.

ಪೆನ್‌ಡ್ರೈವ್ ಹಾಕಿದೆ. ಅದೂ ಕಾಣಿಸಲಿಲ್ಲ. ಯುಎಸ್‌ಬಿ ಕಿಂಡಿಯನ್ನು ಊದಿದೆ, ಇನ್ನೊಂದು ಕಿಂಡಿಗೆ ಹಾಕಿದೆ. ಡಿಸ್ಕೇ ಸತ್ತಿರಬಹುದೇ? ಹದಿಮೂರು ವರ್ಷ ತಿರುಗಿದ ಡಿಸ್ಕು ಸಾಯುವುದು ಆಶ್ಚರ್ಯವಲ್ಲ. ಅದನ್ನು ಬಿಚ್ಚಿ ಅಕ್ಕನ ಮಗಳ ಯಂತ್ರಕ್ಕೆ ತಗಲಿಸಿ ನೋಡಿದರೆ ಆರೋಗ್ಯವಾಗಿದೆ, ನಿನ್ನೆ ಹಾಕಿದ ವಿಂಡೋಸ್ ಅದರಲ್ಲೇ ಕೂತಿದೆ. ಹಾಗಾದರೆ ಪೆನ್‌ಡ್ರೈವಿನದೇ ತಪ್ಪೆಂದು ಅದನ್ನು ಬೇರೆ ರೀತಿಯಲ್ಲಿ, ಹಳೇ ಪದ್ಧತಿಗೂ ಆಗುವಂತೆ, ಮತ್ತೆ ಬರೆದೆ. ಈಗ ಎದ್ದಿತು. ಡಿಸ್ಕು ಆರಿಸುವಲ್ಲಿಗೆ ಬಂದಾಗ ಮತ್ತೆ ತಕರಾರು: ಈ ಡಿಸ್ಕು ಜಿಪಿಟಿ ಮಾದರಿಯದು, ಇದರಲ್ಲಿ ಹಾಕಲಾಗದು.

ನಿನ್ನೆ ಜಿಪಿಟಿ ಅಲ್ಲವೆಂದು ಹಟ, ಇವತ್ತು ಜಿಪಿಟಿ ಎಂದು ಹಟ. ನಗಬೇಕೋ ಯಂತ್ರವನ್ನು ಅಂಗಳಕ್ಕೆ ಎಸೆಯಬೇಕೋ ತಿಳಿಯದೆ ಕೂತೆ. ಕೂತದ್ದೇ ಒಳ್ಳೆಯದಾಯಿತು. ನಿನ್ನೆ ಜಿಪಿಟಿ ಮಾಡಿದ ಮೇಲೆ ಡಿಸ್ಕು ಬದಲಾಗಿಲ್ಲ, ಎರಡೂ ಮಾತು ಸರಿ ಇರಬೇಕಾದರೆ ಅದನ್ನು ನೋಡುವ ಯಂತ್ರ ಬದಲಾಗಿರಬೇಕು. ಬಯೋಸ್ ತೆರೆದೆ. ನಾನು ಯುಇಎಫ್ಐ ಮಾಡಿಟ್ಟದ್ದು ಲೆಗಸಿಗೆ ಮರಳಿತ್ತು. ತಾರೀಖು, 2011ರ ಜನವರಿ 1.

"ಇದನ್ನ ಯಾರು ಮುಟ್ಟಿದ್ದು?" ಎಂದು ಕೂಗಿದೆ.

ದೋಸೆ ಹುಯ್ಯುತ್ತಿದ್ದ ಅಕ್ಕ ಅಲ್ಲಿಂದಲೇ ಹೇಳಿದಳು: "ಯಾರೂ ಮುಟ್ಟಿದ್ವಿಲ್ಲೆ. ಅದ್ರ ತಾರೀಖು ಯಾವಾಗ್ಲೂ ಹಾಂಗೇ. ಕರೆಂಟು ಹೋದ್ರೆ ಜನವರಿ ಒಂದಕ್ಕೆ ಹೋಗ್ತು. ಇವ್ರು ಕ್ಯಾಲೆಂಡರ್ ನೋಡಿ ಸರಿ ಮಾಡ್ಕ್ಯತ್ರು."

ಎಷ್ಟು ಸಮಯದಿಂದ? ಉಬ್ಬಿದ ದೊಡ್ಡ ಬ್ಯಾಟರಿಯನ್ನು ತೆಗೆದುಹಾಕಿದಾಗಿನಿಂದ, ಎರಡು ವರ್ಷ. ಮತ್ತೆ ನನಗೆ ಯಾಕೆ ಹೇಳಲಿಲ್ಲ?

"ನೀ ಕೇಳಿದ್ದಿಲ್ಲೆ."

ಉತ್ತರವೆಲ್ಲ ಆ ತಾರೀಖಿನಲ್ಲೇ ಇತ್ತು. 1981ರ ಐಬಿಎಂ ಪಿಸಿ ಹಾಕಿದಾಗಲೆಲ್ಲ ಇವತ್ತು ಯಾವ ತಾರೀಖು ಎಂದು ಕೇಳುತ್ತಿತ್ತು. 1984ರ ಐಬಿಎಂ ಪಿಸಿ ಎಟಿಯಲ್ಲಿ ಗಡಿಯಾರಕ್ಕೂ ಒಂದಿಷ್ಟು ನೆನಪಿಗೂ ಬ್ಯಾಟರಿ ಕೊಟ್ಟರು. ಅಂದಿನಿಂದ ಯಂತ್ರ ಆರಿದ್ದರೂ ಒಳಗೆ ಒಂದು ಪುಟ್ಟ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತ ಹೊತ್ತು ಎಣಿಸುತ್ತಿರುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಒಂದು ಬರುತ್ತದೆ. ಆ ಗಡಿಯಾರಕ್ಕೂ ನೆನಪಿಗೂ ಅನ್ನ ಹಾಕುವುದು ನಾಣ್ಯದಂಥ ಒಂದು ಸೆಲ್. ಭಾವನ ಯಂತ್ರದಲ್ಲಿ ಆ ಸೆಲ್ ಸತ್ತಿತ್ತು, ದೊಡ್ಡ ಬ್ಯಾಟರಿಯೂ ಇರಲಿಲ್ಲ. ಪ್ಲಗ್ ಕಿತ್ತರೆ ಎಲ್ಲ ಮರೆತು ಕಾರ್ಖಾನೆ ಕಲಿಸಿದ ಪಾಠಕ್ಕೆ ಮರಳುತ್ತಿತ್ತು. ಹಳೇ ವಿಂಡೋಸ್ ಲೆಗಸಿಯಲ್ಲೇ ಇದ್ದದ್ದರಿಂದ ಅದಕ್ಕೆ ತಾರೀಖು ತಪ್ಪುವುದರ ಆಚೆ ತೊಂದರೆ ಇರಲಿಲ್ಲ. ಕಾಯಿಲೆ ಎರಡು ವರ್ಷ ಸುಮ್ಮನೆ ಮಲಗಿತ್ತು. ಅದನ್ನು ಎಬ್ಬಿಸಿದ್ದು ವೈದ್ಯ.

ಲೆಗಸಿಯಲ್ಲೇ ಮತ್ತೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಮನಸ್ಸು ಒಪ್ಪಲಿಲ್ಲ. ತಳದ ಮುಚ್ಚಳ ಬಿಚ್ಚಿದೆವು. ಧೂಳು, ಒಂದು ಸತ್ತ ಇರುವೆ, ಹಳದಿ ಹೊದಿಕೆಯೊಳಗೆ ಕೆಂಪು ಕಪ್ಪು ತಂತಿಯ ಬಾಲ ಇರುವ ಸೆಲ್. ಪಂಪ್‌ಸೆಟ್ಟಿಗೆಂದು ಇಟ್ಟ ಮೀಟರ್ ಹಿಡಿದರೆ 3 ವೋಲ್ಟ್ ಇರಬೇಕಾದಲ್ಲಿ ಒಂದೂಕಾಲು. ಅದರ ಹೆಸರು ಸಿಆರ್ 2032. ಹೆಸರಲ್ಲೇ ಅಳತೆ ಇದೆ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅಂಗಡಿಯ ಸಾದಾ ಸೆಲ್‌ಗೆ ತಂತಿ ಬೆಸುಗೆ ಹಾಕೋಣವೆಂದು ಭಾವ ಬೆಸುಗೆ ಕಡ್ಡಿ ತಂದರು. ಬೇಡ ಎಂದೆ, ಕಾದರೆ ಸಿಡಿಯುತ್ತದೆ. ಶಿರಸಿಗೆ ಹೋಗಿ ಮೂರು ಅಂಗಡಿ ಸುತ್ತಿ ಬಾಲ ಇರುವುದನ್ನೇ ತಂದೆವು.

ಹಾಕಿ, ಬಯೋಸಿನಲ್ಲಿ ಯುಇಎಫ್ಐ ಮಾಡಿ, ತಾರೀಖು ತಿದ್ದಿದೆ. ವಿಂಡೋಸ್ ಮತ್ತೆ ಹಾಕಬೇಕಾಗಲೇ ಇಲ್ಲ. ಮೊದಲ ದಿನ ಹಾಕಿದ್ದೇ ತೆರೆದುಕೊಂಡಿತು. ಪರೀಕ್ಷೆ ಆಗಬೇಕಲ್ಲ, ಭಾವ ಯಂತ್ರ ಆರಿಸಿ ಪ್ಲಗ್ ಕಿತ್ತರು. ಒಂದು ಕವಳ ಹಾಕಿ, ಜಗಿದು, ಅಂಗಳದಾಚೆ ಹೋಗಿ ಉಗಿದು ಬಂದು ಮತ್ತೆ ಚುಚ್ಚಿದರು. ಪರದೆ ಬೆಳಗಿತು. ಅವರು ಮೊದಲು ನೋಡಿದ್ದು ಗೋಡೆಯ ಕ್ಯಾಲೆಂಡರನ್ನು, ಆಮೇಲೆ ಲ್ಯಾಪ್‌ಟಾಪಿನ ಮೂಲೆಯನ್ನು.

"ಸರಿ ಇದ್ದು" ಎಂದರು.

ನಾನು ತಿರುಪುಗಳನ್ನು ಎಣಿಸಿ ಮುಚ್ಚಳ ಹಾಕುತ್ತಿದ್ದೆ. ಅಕ್ಕ ಸೆರಗಿಗೆ ಕೈ ಒರೆಸುತ್ತ ಬಂದಳು. "ಮಿಕ್ಸಿನೂ ಒಂಥರಾ ಸದ್ದು ಮಾಡ್ತು. ನೋಡ್ತ್ಯಾ?"

ಸ್ಕ್ರೂಡ್ರೈವರ್ ಕೆಳಗಿಟ್ಟೆ. "ಯಾವಾಗಿಂದ?" ಎಂದು ಕೇಳಿದೆ. ಅವಳು ಮೆಟ್ಟಿಲ ಮೇಲೆ ಕೂತು, ಚೌತಿಯಲ್ಲಿ ಚಕ್ಕುಲಿ ಹಿಟ್ಟಿಗೆ ಉದ್ದು ಹಾಕಿದಲ್ಲಿಂದ ಶುರು ಮಾಡಿದಳು.