ನೀರಿನ ಪಂಚಾಂಗ

ಮಾರ್ಚ್ 20ರ ಸುಮಾರಿಗೆ ಹಗಲೂ ರಾತ್ರಿಯೂ ಸಮವಾಗುತ್ತವೆ. ಅಮೆರಿಕದ ಕ್ಯಾಲೆಂಡರುಗಳ ಪ್ರಕಾರ ಅದೇ ವಸಂತದ ಮೊದಲ ದಿನ. ಶಿಕಾಗೋದ ಉತ್ತರಕ್ಕೆ ಮಿಷಿಗನ್ ಸರೋವರದ ದಂಡೆಗೆ ಅಂಟಿಕೊಂಡಿರುವ ನಮ್ಮ ಇವಾನ್‌ಸ್ಟನ್‌ನಲ್ಲಿ ಆ ದಿನವನ್ನು ನಂಬಿ ಸಲಿಕೆಯನ್ನು ಒಳಗಿಡುವವರು ಯಾರೂ ಇಲ್ಲ. ಬೂಟು, ಕೈಗವಸು, ಹಿಮ ಕರಗಿಸುವ ಉಪ್ಪಿನ ಚೀಲ ಎಲ್ಲವೂ ಬಾಗಿಲ ಬಳಿಯೇ ಬಿದ್ದಿರುತ್ತವೆ. ಯುಗಾದಿ ಬಂದಾಗ ಊರಿನಿಂದ ತಂದಿಟ್ಟ ಒಣ ಬೇವಿನ ಹೂವಿಗೆ ಬೆಲ್ಲ ಬೆರೆಸಿ ಹಂಚುತ್ತೇವೆ. ಹೊರಗಿನ ಮೇಪಲ್ ಮರದಲ್ಲಿ ಒಂದು ಎಲೆಯೂ ಇರುವುದಿಲ್ಲ. ಚೈತ್ರ ಬಂದಿದೆ ಎನ್ನುವುದಕ್ಕೆ ಪಂಚಾಂಗವೊಂದೇ ಸಾಕ್ಷಿ.

ಏಪ್ರಿಲ್, ಮೇ ತಿಂಗಳ ಹವಾಮಾನ ವರದಿಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಸರೋವರದ ಬಳಿ ಇನ್ನಷ್ಟು ತಂಪು. ಪಶ್ಚಿಮಕ್ಕೆ ಅರ್ಧ ಗಂಟೆ ಕಾರು ಓಡಿಸಿದರೆ ಸಿಗುವ ಊರುಗಳಲ್ಲಿ ಜನ ಅರ್ಧ ತೋಳಿನ ಅಂಗಿಯಲ್ಲಿ ಓಡಾಡುತ್ತಿರುತ್ತಾರೆ. ಇಲ್ಲಿ ಮಧ್ಯಾಹ್ನ ಗಾಳಿ ಪೂರ್ವಕ್ಕೆ ತಿರುಗಿತೆಂದರೆ ಕೆಲವೇ ನಿಮಿಷಗಳಲ್ಲಿ ಹತ್ತು ಡಿಗ್ರಿ ಇಳಿದುಬಿಡಬಹುದು. ಅಂಗಳದಲ್ಲಿ ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದು ಒಳಗೆ ಓಡುತ್ತಾರೆ. ಒಂದೇ ಬೀದಿಯ ಪಶ್ಚಿಮದ ತುದಿಯಲ್ಲಿ ಲೈಲಾಕ್ ಅರಳಿ ಕೆಲವು ದಿನಗಳಾದ ಮೇಲೆ ದಂಡೆಯ ಬದಿಯ ಗಿಡ ಮೊಗ್ಗು ಬಿಚ್ಚುತ್ತದೆ.

ಕಾರಣ ಸರಳ. ಸೂರ್ಯ ಅತಿ ಎತ್ತರಕ್ಕೆ ಏರುವುದು ಜೂನ್ 21ರ ಸುಮಾರಿಗೆ, ನೆಲ ಹೆಚ್ಚು ಕಾಯುವುದು ಜುಲೈನಲ್ಲಿ, ಸರೋವರ ಕಾಯುವುದು ಆಗಸ್ಟಿನಲ್ಲಿ. ಸುಮಾರು 490 ಕಿಲೋಮೀಟರ್ ಉದ್ದ, ಸರಾಸರಿ 85 ಮೀಟರ್ ಆಳದ ನೀರು ಅದು. ನಮ್ಮ ಹಳೆಯ ಬಚ್ಚಲಮನೆಗಳ ತಾಮ್ರದ ಹಂಡೆ ಉರಿ ಹಾಕಿದ ಕೂಡಲೇ ಕಾಯುತ್ತಿರಲಿಲ್ಲ, ಉರಿ ಆರಿದ ಕೂಡಲೇ ತಣಿಯುತ್ತಲೂ ಇರಲಿಲ್ಲ. ಇದರ ಸ್ವಭಾವವೂ ಅದೇ. ಮೇ ತಿಂಗಳಲ್ಲಿ ಅದು ಫೆಬ್ರವರಿಯನ್ನು ಇನ್ನೂ ಒಳಗಿಟ್ಟುಕೊಂಡಿರುತ್ತದೆ, ಅಕ್ಟೋಬರಿನಲ್ಲಿ ಆಗಸ್ಟನ್ನು. ಸೆಪ್ಟೆಂಬರಿನ ಮೊದಲ ಸೋಮವಾರ ಕಾರ್ಮಿಕರ ದಿನ. ಅದರೊಂದಿಗೆ ಬೇಸಿಗೆ ಮುಗಿಯಿತೆಂದು ಊರು ತೀರ್ಮಾನಿಸುತ್ತದೆ, ದಂಡೆಯ ಜೀವರಕ್ಷಕರು ಸೀಟಿ ಕಟ್ಟಿಟ್ಟು ಹೊರಡುತ್ತಾರೆ. ಈಜಲು ನೀರು ಹದವಾಗಿರುವುದು ಆಗಲೇ! ಮನುಷ್ಯರ ರಜೆಯ ಪಟ್ಟಿಗೂ ನೀರಿನ ಲೆಕ್ಕಕ್ಕೂ ತಾಳೆಯಾಗುವುದೇ ಇಲ್ಲ.

ನಾಲ್ಕು ಋತುಗಳ ಬಗ್ಗೆ ಇಲ್ಲಿನವರು ಹೆಮ್ಮೆಯಿಂದ ಮಾತಾಡುತ್ತಾರೆ. ಎಲೆಗಳ ಕೆಂಪು, ಮೊದಲ ಹಿಮ, ಟ್ಯುಲಿಪ್ ಹೂವು ಎಲ್ಲ ನಿಜ, ಎಲ್ಲ ಚೆಂದ. ಆದರೆ ಚಿತ್ರದಲ್ಲಿ ಬಿಡಿಸಿದಂತೆ ಒಂದು ಮುಗಿದು ಇನ್ನೊಂದು ಶುರುವಾಗುವ ನಾಲ್ಕು ಋತುಗಳು ಇಲ್ಲಿಲ್ಲ. ಆಕಾಶದಲ್ಲಿ ಒಂದು ಋತು, ನೀರಿನಲ್ಲಿ ಅದರ ಹಿಂದಿನದು. ಎರಡರ ನಡುವೆ ನಾವು. ಈ ಊರು ನನಗೆ ತೋರಿಸಿದ್ದು ಋತುಗಳ ಅಂದಕ್ಕಿಂತ ಈ ತಡವನ್ನು.

ಮನಸ್ಸೂ ಬಹುಮಟ್ಟಿಗೆ ನೀರಿನ ಜಾತಿಯದು. ಅಪ್ಪ ತೀರಿಕೊಂಡದ್ದು ತೀರ್ಥಹಳ್ಳಿಯಲ್ಲಿ, ಆಷಾಢದ ಮಳೆಯಲ್ಲಿ. ಉತ್ತರಕ್ರಿಯೆ ಮುಗಿಸಿ ಮರಳಿ ಬಂದವನು ಮರುದಿನವೇ ಕೆಲಸಕ್ಕೆ ಕೂತೆ. ಉಂಡೆ, ನಕ್ಕೆ, ನಿದ್ದೆಯೂ ಬಂತು. ಗಟ್ಟಿ ಮನಸ್ಸು ಎಂದು ಗೆಳೆಯರು ಮೆಚ್ಚಿಕೊಂಡರು. ಫೆಬ್ರವರಿಯ ಒಂದು ಬೆಳಿಗ್ಗೆ ಕಾರಿನ ಗಾಜಿಗೆ ಹಿಡಿದ ಮಂಜುಗಡ್ಡೆಯನ್ನು ಕೆರೆಯುತ್ತಿದ್ದೆ. ಆ ಕರಕರ ಸದ್ದಿನಲ್ಲಿ ಅಪ್ಪ ಬೆಳಗಿನ ಹೊತ್ತು ಗಂಟಲು ಸರಿಮಾಡಿಕೊಳ್ಳುತ್ತಿದ್ದುದು ಕೇಳಿಸಿದಂತಾಯಿತು. ಎಂಜಿನ್ ಓಡುತ್ತಲೇ ಇತ್ತು, ಕೆರೆಯುವ ಪ್ಲಾಸ್ಟಿಕ್ ಪಟ್ಟಿ ಕೈಯಲ್ಲೇ ಇತ್ತು. ನಿಂತಲ್ಲೇ ಅತ್ತುಬಿಟ್ಟೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ. ಹದಿಮೂರನೆಯ ದಿನಕ್ಕೆ ಶುಭಸ್ವೀಕಾರವಾದರೂ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ತಿಂಗಳು ತಿಂಗಳೂ ಮಾಸಿಕ, ಕೊನೆಗೆ ವರ್ಷಾಂತಿಕ. ಅಲ್ಲಿಯವರೆಗೆ ಮನೆಯಲ್ಲಿ ಹಬ್ಬವಿಲ್ಲ. ಶ್ರಾದ್ಧದ ಫಲವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ದುಃಖಕ್ಕೆ ಎಲ್ಲ ಋತುಗಳನ್ನೂ ಒಂದು ಸುತ್ತು ದಾಟುವಷ್ಟು ಕಾಲ ಕೊಟ್ಟವರು ಮನಸ್ಸಿನ ವೇಗವನ್ನು ಚೆನ್ನಾಗಿಯೇ ಅಳೆದಿದ್ದರು. ಬೆರಳೆಣಿಕೆಯ ದಿನಗಳ ರಜೆ ಕೊಡುವ ಕಚೇರಿಗಳಿಗೆ ಆ ಅಳತೆ ಸಿಕ್ಕಿಲ್ಲ.

ಹಾಗಾದರೆ ಈ ತಡ ಒಂದು ಕೊರತೆಯೇ? ಸರೋವರದ ಆಚೆ ದಡದ ಹಣ್ಣಿನ ತೋಟಗಳನ್ನು ನೋಡಿದರೆ ಹಾಗನ್ನಿಸುವುದಿಲ್ಲ. ಮಿಷಿಗನ್ ರಾಜ್ಯದ ಪಶ್ಚಿಮ ಅಂಚಿನುದ್ದಕ್ಕೂ ಸೇಬು, ಪೀಚ್, ಚೆರ್ರಿ, ದ್ರಾಕ್ಷಿ ಬೆಳೆಯುತ್ತವೆ. ವಸಂತದಲ್ಲಿ ನೀರಿನ ಮೇಲಿಂದ ಬರುವ ತಣ್ಣನೆ ಗಾಳಿ ಮೊಗ್ಗುಗಳನ್ನು ಬೇಗ ಅರಳಲು ಬಿಡುವುದಿಲ್ಲ. ಇಬ್ಬನಿ ಹೆಪ್ಪುಗಟ್ಟಿ ಹೂವನ್ನು ಕರಕಲಾಗಿಸುವ ರಾತ್ರಿಗಳು ಕಳೆಯುವವರೆಗೂ ಅವು ಮುಚ್ಚಿಕೊಂಡೇ ಇರುತ್ತವೆ. 2012ರ ಮಾರ್ಚ್‌ನಲ್ಲಿ ಈ ಕಾವಲು ಮುರಿಯಿತು. ಶಿಕಾಗೋದಲ್ಲಿ ದಿನದ ಮೇಲೆ ದಿನ 27 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಲು. ಜನ ಬೀದಿಗಿಳಿದು ಸಂಭ್ರಮಿಸಿದರು, ಮರಗಳೂ ನಂಬಿ ಅರಳಿದವು. ಏಪ್ರಿಲ್‌ನಲ್ಲಿ ಮಾಮೂಲು ಚಳಿ ಮರಳಿತು. ಆ ವರ್ಷ ಮಿಷಿಗನ್ ರಾಜ್ಯದ ಸೇಬು ಮತ್ತು ಹುಳಿ ಚೆರ್ರಿ ಬೆಳೆಯಲ್ಲಿ ಶೇಕಡಾ 90ರಷ್ಟು ನಾಶವಾಯಿತು.

ತಡವನ್ನು ಹೊಗಳಿ ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧಸತ್ಯ. 1995ರ ಜುಲೈ 13ರಂದು ಶಿಕಾಗೋದ ತಾಪ 41 ಡಿಗ್ರಿಗೆ ಏರಿತು. ಸಾವು ಅತಿ ಹೆಚ್ಚಾದದ್ದು ಅಂದಲ್ಲ, ಎರಡು ದಿನಗಳ ನಂತರ. ಇಟ್ಟಿಗೆಯ ಕಟ್ಟಡಗಳು ಹಗಲಿನ ಕಾವನ್ನು ರಾತ್ರಿಯೂ ಹಿಡಿದಿಟ್ಟುಕೊಂಡಿದ್ದವು. 700ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳಷ್ಟು ಮಂದಿ ಒಂಟಿಯಾಗಿದ್ದ ಬಡ ವೃದ್ಧರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಈ ದುರಂತದ ಮೇಲೆ ಒಂದು ಪುಸ್ತಕವನ್ನೇ ಬರೆದರು. ಸತ್ತವರನ್ನು ಕೊಂದದ್ದು ಬಿಸಿಲಿನಷ್ಟೇ ಒಂಟಿತನವೂ ಹೌದು ಎನ್ನುವುದು ಅದರ ತಿರುಳು. ಸರೋವರದ ತಂಗಾಳಿ ಬೀಸುವ, ಹೀಟರೂ ಎ.ಸಿ.ಯೂ ಇರುವ ಮನೆಯಲ್ಲಿ ಕೂತು ಋತುಗಳ ಅರ್ಥ ಹುಡುಕುವುದು ಒಂದು ಸವಲತ್ತು. ‘ಕಾಲವೇ ಎಲ್ಲ ವಾಸಿಮಾಡುತ್ತದೆ’ ಎನ್ನುವವರಿಗೆ ಆ ಜುಲೈ ನೆನಪಿರಲಿ. ಕೆಲವರಿಗೆ ಆ ಕಾಲ ಸಿಗುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಸೆಳೆದಿದೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಬೇಸಿಗೆಯಲ್ಲಿ ಬೆಚ್ಚನೆಯ ಹಗುರ ನೀರು ಮೇಲೇ ನಿಂತುಬಿಡುವುದರಿಂದ ತಳದ ತಣ್ಣೀರಿಗೆ ಗಾಳಿಯ ಸಂಪರ್ಕ ತಪ್ಪುತ್ತದೆ. ಎಲೆ ಉದುರಿ ಮುಗಿದ ಮೇಲೆ ಮೇಲ್ಪದರ ತಣಿಯುತ್ತ ತಣಿಯುತ್ತ ಭಾರವಾಗಿ ಇಳಿಯತೊಡಗುತ್ತದೆ. ಗಾಳಿ ಇಡೀ ಸರೋವರವನ್ನು ಕಲಕುತ್ತದೆ. ಆಮ್ಲಜನಕ ಆಳಕ್ಕೆ ತಲುಪುತ್ತದೆ. ವಸಂತದಲ್ಲಿ ಮತ್ತೊಮ್ಮೆ ಹೀಗಾಗುತ್ತದೆ. ಅತಿ ಆಳದ ಜಾಗದಲ್ಲಿ, 281 ಮೀಟರ್ ಕೆಳಗಿರುವ ನೀರಿಗೆ ಉಸಿರು ಸಿಗುವುದು ಋತು ಬದಲಾಗುವುದರಿಂದಲೇ. ವರ್ಷವಿಡೀ ಬೆಚ್ಚಗಿರುವ ಆಫ್ರಿಕಾದ ಟಾಂಗನಿಕಾ ಸರೋವರದಲ್ಲಿ ನೀರು ಹೀಗೆ ಪೂರ್ತಿ ಕಲಕುವುದಿಲ್ಲ, ಅದರ ಆಳದಲ್ಲಿ ಆಮ್ಲಜನಕವೇ ಇಲ್ಲ.

ನವೆಂಬರಿನಲ್ಲಿ ದಂಡೆಯ ಬಂಡೆಗಳ ಮೇಲೆ ನಿಂತವರಿಗೆ ಕಾಣುವುದು ಬೂದು ಬಣ್ಣದ ಅಲೆ, ಖಾಲಿ ಮರಳು. ವರ್ಷದ ಅತ್ಯಂತ ಬೇಸರದ ತಿಂಗಳು ಎಂದು ಎಲ್ಲರೂ ಗೊಣಗುತ್ತಾರೆ. ನಾಲ್ಕೂವರೆಗೇ ಕತ್ತಲು, ನಾನೂ ಗೊಣಗುತ್ತೇನೆ. ಒಳಗಿನ ದೊಡ್ಡ ಕೆಲಸ ಶುರುವಾಗುವ ಸಮಯವೂ ಅದೇ. ಅದನ್ನು ನೋಡಲು ದಂಡೆಯಲ್ಲಿ ಯಾವ ಹಬ್ಬವೂ ಇಲ್ಲ, ಪ್ರವಾಸಿಯೂ ಇಲ್ಲ.

ಆ ಕೆಲಸಕ್ಕೂ ಈಗ ಕಾಲ ಕಡಿಮೆಯಾಗುತ್ತಿದೆ. ಸರೋವರದ ದಕ್ಷಿಣ ಭಾಗದ ಆಳದಲ್ಲಿ ವಿಜ್ಞಾನಿಗಳು 30 ವರ್ಷ ತಾಪಮಾನ ಅಳೆದು 2021ರಲ್ಲಿ ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿದೆ: ತಳದ ನೀರೂ ಬೆಚ್ಚಗಾಗುತ್ತಿದೆ, ನೀರಿನ ಚಳಿಗಾಲ ಕುಗ್ಗುತ್ತಿದೆ. ಮೇಲಿನ ಗಾಳಿಯಲ್ಲಾದ ಬದಲಾವಣೆಯನ್ನು ತಳ ಬಹಳ ನಿಧಾನವಾಗಿ ಒಪ್ಪಿಕೊಂಡಿದೆ. ಒಪ್ಪಿಕೊಂಡದ್ದನ್ನು ಅದು ಬೇಗ ಬಿಟ್ಟುಕೊಡುವುದೂ ಇಲ್ಲ.

ಮಗಳ ಬಾಣಂತನಕ್ಕೋ ಮೊಮ್ಮಕ್ಕಳ ಜೊತೆಗೋ ಎಂದು ಊರಿನಿಂದ ಈ ಕಡೆ ಹೊರಡುವ ಅಪ್ಪ ಅಮ್ಮಂದಿರಲ್ಲಿ ಎರಡು ಮಾತು. ಬಂದು ವರ್ಷವಾಗದ ಮಕ್ಕಳನ್ನು ‘ಹೊಂದಿಕೊಂಡೆಯಾ?’ ಎಂದು ವಾರ ವಾರವೂ ಕೇಳಬೇಡಿ. ಮೇ ತಿಂಗಳೆಂದರೆ ಬೇಸಿಗೆ ಎಂದುಕೊಂಡು ಸ್ವೆಟರನ್ನು ಬೀರುವಿನಲ್ಲಿ ಬಿಟ್ಟು ಬರಬೇಡಿ.