ದಾವೆಯ ಋಣ

'ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆ ನ್ಯಾಯಾಲಯದ ಬಗೆಗಿನ ಜನಾನುಭವವನ್ನು ಹೇಳುವುದರ ಜೊತೆಗೆ ಒಂದು ತಾತ್ವಿಕ ಪ್ರಶ್ನೆಯನ್ನೂ ಎತ್ತುತ್ತದೆ: ನ್ಯಾಯ ತನ್ನ ಕಡೆಗಿದ್ದರೂ ಅದನ್ನು ಪಡೆಯುವುದಕ್ಕಾಗಿಯೇ ಒಬ್ಬ ವ್ಯಾಪಾರಿ ನಷ್ಟಕ್ಕೊಳಗಾದರೆ, ಆ ನಷ್ಟದ ಹೊಣೆ ಯಾರದು?

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನದಲ್ಲಿ ಈ ಪ್ರಶ್ನೆಯ ಒಂದು ಮುಖ ಕಾಣುತ್ತದೆ. ಇಂದು ಕನ್ನಡದಲ್ಲಿ ವ್ಯಾಪಾರವನ್ನು ಸೂಚಿಸುವ 'ವ್ಯವಹಾರ' ಎಂಬ ಮಾತಿಗೆ ಧರ್ಮಶಾಸ್ತ್ರದಲ್ಲಿ ವ್ಯಾಜ್ಯದ ವಿಚಾರಣೆ ಎಂದೇ ಅರ್ಥ. ವಾದಿಯ ದೂರಾದ ಭಾಷೆ, ಪ್ರತಿವಾದಿಯ ಉತ್ತರ, ಪುರಾವೆಯೆಂಬ ಕ್ರಿಯೆ, ತೀರ್ಮಾನವೆಂಬ ಸಾಧ್ಯಸಿದ್ಧಿ ಇವು ಅದರ ನಾಲ್ಕು ಪಾದಗಳು. ಸಾಲವನ್ನು ಅಲ್ಲಗಳೆದವನ ಮೇಲೆ ಅದು ರುಜುವಾತಾದರೆ ಅವನು ಸಾಲದ ಜೊತೆಗೆ ಅಷ್ಟೇ ಹಣವನ್ನು ರಾಜನಿಗೆ ತೆರಬೇಕು. ಸುಳ್ಳು ದಾವೆ ಹೂಡಿದವನು ಕೇಳಿದ ಮೊತ್ತದ ಎರಡರಷ್ಟು ತೆರಬೇಕು. ಆದರೆ ಈ ದಂಡ ಸೇರುತ್ತಿದ್ದುದು ಬೊಕ್ಕಸಕ್ಕೆ, ನೊಂದವನಿಗಲ್ಲ; ರಾಜನ ಮೂಲಕ ಸಾಲ ವಸೂಲಾದ ಧನಿಕನೂ ನೂರಕ್ಕೆ ಐದರಂತೆ ಕೊಡಬೇಕಿತ್ತು. ಅದೇ ಸ್ಮೃತಿ ಬಡ್ಡಿಯಲ್ಲಿ ವರ್ಣಭೇದವನ್ನು ಮಾಡುವುದರಿಂದ ಅದನ್ನು ಆದರ್ಶವೆಂದು ಎತ್ತಿಹಿಡಿಯುವಂತಿಲ್ಲ. ಅದು ಸುಳ್ಳನ್ನು ತೂಗಿ ನೋಡಿತು. ಕಾಯಿಸಿದ ಕಾಲವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಾಯುವುದರ ಭಾರವಾದರೋ ಸಣ್ಣ ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಲೇತಿನಲ್ಲಿ ಬಿಡಿಭಾಗ ತಯಾರಿಸಿ ಕೊಟ್ಟವನಿಗೆ ಖರೀದಿದಾರನಿಂದ ಹಣ ಬಾರದಿದ್ದರೂ ಬಿಲ್ಲಿನ ಮೇಲಿನ ಜಿಎಸ್‌ಟಿಯನ್ನು ಗಡುವಿನೊಳಗೆ ಕಟ್ಟಲೇಬೇಕು, ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ, ನ್ಯಾಯಾಲಯ ಶುಲ್ಕವನ್ನೂ ವಕೀಲರ ಫೀಸನ್ನೂ ಮೊದಲೇ ಹೊಂದಿಸಬೇಕು. ಕೆಲಸ ಬಿಟ್ಟು ಕೋರ್ಟಿನ ಮೊಗಸಾಲೆಯಲ್ಲಿ ಮಧ್ಯಾಹ್ನದವರೆಗೆ ಕುಳಿತವನು ಮತ್ತೊಂದು ವಾಯಿದೆ ಪಡೆದು ಹಿಂದಿರುಗುತ್ತಾನೆ, ಡಿಕ್ರಿ ಕೈಗೆ ಬಂದ ಮೇಲೂ ವಸೂಲಿಗಾಗಿ ಅಮಲ್ಜಾರಿ ಅರ್ಜಿ ಹಾಕಬೇಕಾಗುತ್ತದೆ. ಇದನ್ನು ಬಲ್ಲ ಎದುರಾಳಿಗೆ ವಿಳಂಬವೇ ಆಯುಧವಾಗುತ್ತದೆ, ಅರ್ಧ ಹಣಕ್ಕೆ ರಾಜಿಯೂ ಆಗಿಬಿಡುತ್ತದೆ. ಜೈನ ದರ್ಶನದ ತತ್ತ್ವಾರ್ಥಸೂತ್ರವು ಕೊಡದಿರುವುದನ್ನು ತೆಗೆದುಕೊಳ್ಳುವುದನ್ನೇ, ಅಂದರೆ ಅದತ್ತಾದಾನವನ್ನೇ, ಕಳವೆಂದು ಕರೆಯುತ್ತದೆ. ಕೊಡಬೇಕಾದುದೆಂದು ತಿಳಿದೂ ವ್ಯಾಜ್ಯದ ಮರೆಯಲ್ಲಿ ಇನ್ನೊಬ್ಬನ ವರ್ಷಗಳನ್ನು ತೆಗೆದುಕೊಳ್ಳುವುದು ಈ ಅರ್ಥದಲ್ಲಿ ಕಳವೇ ಸರಿ.

ಆದರೂ ಸೋತವನೆಲ್ಲ ಕಳ್ಳನಲ್ಲ. ಪ್ರಾಮಾಣಿಕ ತಕರಾರುಳ್ಳವನೂ ಸೋಲಬಹುದಾದ್ದರಿಂದ, ಎದುರಾಳಿಯ ಪೂರ್ತಿ ಖರ್ಚು ಹೊರಬೇಕಾದೀತೆಂಬ ಭಯವು ಬಡ ವ್ಯಾಪಾರಿಯನ್ನು ನ್ಯಾಯಾಲಯದ ಬಾಗಿಲಿನಿಂದಲೇ ಹಿಂದಿರುಗಿಸಬಾರದು. ಸೋಲಿಗಿಂತ ನಡತೆಯೇ ಋಣದ ಅಳತೆಯಾಗಬೇಕು. ಸೋತವನು ಖರ್ಚು ಭರಿಸುವುದು ಸಾಮಾನ್ಯ ನಿಯಮವೆಂದು ಹೇಳಿಯೂ ಕಕ್ಷಿದಾರರ ನಡತೆಯನ್ನು ಗಮನಿಸುವಂತೆ ವಿಧಿಸಿದ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ಆದರೆ ಅದು 3 ಲಕ್ಷ ರೂಪಾಯಿಗಿಂತ ಕಡಿಮೆ ಮೌಲ್ಯದ ವಿವಾದಗಳಿಗೆ ಅನ್ವಯಿಸುವುದಿಲ್ಲ. ಅಂಥ ಸಣ್ಣ ವ್ಯಾಪಾರಿಯ ದಾವೆ ಸಾಮಾನ್ಯ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ, ಮತ್ತು ಅಲ್ಲಿ ಸುಳ್ಳು ವಾದ ಹೂಡಿ ಸತಾಯಿಸಿದವನಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 35-ಎ ಕಲಮಿನಡಿ ದೊರೆಯಬಹುದಾದ ಪರಿಹಾರದ ಮಿತಿ 3,000 ರೂಪಾಯಿ.